ಎಣ್ಣೆ ಕೊಪ್ಪರಿಗೆ, ತಿದಿ, ತೆಂಗಿನಕಾಯಿ

ಮಂಚೇನಹಳ್ಳಿಯ ಜಗಲಿ ಮೇಲೆ ಕೂತು ಜರ್ಮನಿಯ ಅಚ್ಚುಚಿತ್ರಗಳ ಸುದ್ದಿ ಎತ್ತಿದರೆ ‘ನಿನಗೆ ಬೇರೆ ಕೆಲಸ ಇಲ್ಲವೇನಪ್ಪ’ ಅನ್ನುತ್ತಾರೆ. ಸದ್ಯಕ್ಕೆ ಇಲ್ಲ. ಮಳೆ ಬಂದರೆ ನೋಡೋಣ.

ನ್ಯೂರೆಂಬರ್ಗಿನ ಆಲ್ಬ್ರೆಕ್ಟ್ ಡ್ಯೂರರ್ 1498ರಲ್ಲಿ ಬೈಬಲ್ಲಿನ ಕೊನೆಯ ಪುಸ್ತಕಕ್ಕೆ ಮರದ ಹಲಗೆಯ ಚಿತ್ರಗಳನ್ನು ಅಚ್ಚು ಹಾಕಿಸಿದ. ಮೊದಲನೆಯದರಲ್ಲೇ ಸಂತ ಯೋಹಾನ ಕುದಿಯುವ ಎಣ್ಣೆ ಕೊಪ್ಪರಿಗೆಯಲ್ಲಿ ಕೈಮುಗಿದು ಕೂತಿದ್ದಾನೆ. ಒಬ್ಬ ಸೌಟಿನಲ್ಲಿ ಎಣ್ಣೆ ಹೊಯ್ಯುತ್ತಿದ್ದರೆ ಇನ್ನೊಬ್ಬ ತಿದಿ ಒತ್ತುತ್ತಿದ್ದಾನೆ. ಇದನ್ನೆಲ್ಲ ಮಾಡಿಸುತ್ತಿರುವ ರೋಮಿನ ಚಕ್ರವರ್ತಿಯ ತಲೆಗೆ ತುರ್ಕರ ಪೇಟ! (ಆ ಕಾಲದ ಯೂರೋಪಿಗೆ ಹೆದರಿಕೆ ತುರ್ಕರದ್ದು, ರೋಮಿನವನ ನೆನಪು ಯಾರಿಗಿತ್ತು?) ಇಷ್ಟಾದರೂ ಯೋಹಾನನಿಗೆ ಏನೂ ಆಗಲಿಲ್ಲವಂತೆ.

ಎಲ್ಲೋ ಕೇಳಿದ ಹಾಗಿದೆ ಅಲ್ಲವೇ? ನಮ್ಮ ಸುಧನ್ವ! ಯುದ್ಧಕ್ಕೆ ತಡವಾಗಿ ಬಂದನೆಂದು ಹೆತ್ತಪ್ಪನೇ ಕಾದೆಣ್ಣೆಗೆ ಹಾಕಿಸಿದ; ಎಣ್ಣೆ ತಣ್ಣಗಾಯಿತು. ಎಣ್ಣೆ ನಿಜವಾಗಿ ಕಾದಿದೆಯೇ ಎಂದು ನೋಡಲು ತೆಂಗಿನಕಾಯಿ ಹಾಕಿದರೆ ಅದು ಸಿಡಿದು ಪುರೋಹಿತರಾದ ಶಂಖ, ಲಿಖಿತರ ಹಣೆಗೇ ಬಡಿಯಿತು. ಇಂಥ ತೆಂಗಿನಕಾಯಿ ಡ್ಯೂರರನಿಗೆ ಹೊಳೆಯಲಿಲ್ಲ, ಪಾಪ.

ಅವನ ಹೆಂಡತಿ ಆಗ್ನೆಸ್ ಮಾತ್ರ ವ್ಯವಹಾರಸ್ಥೆ. ಫ್ರಾಂಕ್‌ಫರ್ಟಿನ ಸಂತೆಯಲ್ಲಿ ಗಂಡನ ಚಿತ್ರಗಳನ್ನು ಮಾರುತ್ತಿದ್ದಳು. ಘಾಟಿ ಸುಬ್ರಹ್ಮಣ್ಯದ ದನದ ಜಾತ್ರೆಗೆ ಬಂದಿದ್ದರೆ ದೇವರ ಪಟದವರ ಪಕ್ಕದಲ್ಲೇ ಗೋಣಿ ಹಾಸುತ್ತಿದ್ದಳೇನೋ. ಈ ಕಡೆ ಬಾಣದ ಮೊನೆಯಿಂದ ಕಣ್ಣು ಕೀಳುವ ಬೇಡರ ಕಣ್ಣಪ್ಪ, ಆ ಕಡೆ ಕಿತ್ತ ಕಣ್ಣುಗಳನ್ನು ತಟ್ಟೆಯಲ್ಲಿ ಹಿಡಿದ ಸಂತ ಲೂಸಿ. ಗಿರಾಕಿಗೆ ಗೊಂದಲವಾಗದೆ ಇರುತ್ತಿತ್ತೇ?

ನನಗೆ ಸಂತರಿಗಿಂತ ಸುತ್ತಲಿನವರ ಮೇಲೇ ಕಣ್ಣು. ಸಂತರ ಮುಖವೆಲ್ಲ ಒಂದೇ ಥರ; ತಿದಿಯವನಿಗೆ ನೋಡಿ, ಎಷ್ಟು ಕೆಲಸ! ಲೊರೇನಿನ ಜಾಕ್ ಕಲ್ಲೋ 1630ರ ಆಸುಪಾಸಿನಲ್ಲಿ ತಾಮ್ರದ ತಗಡಿನ ಮೇಲೆ ಬಾಣಗಳಿಗೆ ಗುರಿಯಾದ ಸಂತ ಸೆಬಾಸ್ಟಿಯನ್ನನನ್ನು ಬರೆದ. ವಿಶಾಲ ಬಯಲು, ಬಿಲ್ಲುಗಾರರು, ನೋಡಲು ನೆರೆದ ಜನ. ಸಂತ ಎಲ್ಲಿ? ಬೆರಳಿಟ್ಟು ಹುಡುಕಬೇಕು, ಅಷ್ಟು ಸಣ್ಣವ.

ಗೌರಿಬಿದನೂರು ದಾಟಿ ವಿದುರಾಶ್ವತ್ಥಕ್ಕೆ ಹೋದರೆ ಆ ಹುಡುಕಾಟವೇ ಇಲ್ಲ. 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದವರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಕಲ್ಲೋ ಸುತ್ತಲೂ ನಿಲ್ಲಿಸಿದ ಜನವಿದ್ದಾರಲ್ಲ, ಇಲ್ಲಿ ಸತ್ತವರು ಅವರೇ. ಯಾರ ಪಾಲಿನ ಎಣ್ಣೆಯೂ ತಣ್ಣಗಾಗಲಿಲ್ಲ. ಅಲ್ಲಿ ವೀರಸೌಧವಿದೆ, ಚಿತ್ರಗಳಿವೆ. ಬಂದವರಲ್ಲಿ ಹೆಚ್ಚಿನವರು ನಾಗರಕಲ್ಲಿಗೆ ಹಾಲೆರೆದು, ಮಕ್ಕಳಿಗೆ ಕಡ್ಲೆಪುರಿ ಕೊಡಿಸಿ ಬಸ್ಸು ಹತ್ತುತ್ತಾರೆ. ಒಂದು ಬಸ್ಸು ತಪ್ಪಿದರೆ ಒಳಗೆ ಹೋಗಿ ನೋಡಬಹುದು. ಇನ್ನೊಂದು ಬಂದೇ ಬರುತ್ತದೆ.