ರಾತ್ರಿ ಕೂಗಿದ್ದು ಯಾರು?



ಕತ್ತಲಲ್ಲಿ ಎಂದೂ ಕೇಳದ ಕೂಗೊಂದು ಕೇಳಿದರೆ ನಿಮಗೆ ಏನನ್ನಿಸುತ್ತದೆ? ಭಯವಾಗುತ್ತದೆ, ಅಲ್ಲವೇ? ನನಗೂ ಒಮ್ಮೆ ಹಾಗೆಯೇ ಆಗಿತ್ತು. ಕೇಳಿ.

ಕೆಲವು ವರ್ಷಗಳ ಹಿಂದೆ ಚಿತ್ರದುರ್ಗದ ಜೋಗಿಮಟ್ಟಿ ಕಾಡಿನ ಅಂಚಿನಲ್ಲಿ ಎರಡು ದಿನಗಳ ವಿಜ್ಞಾನ ಶಿಬಿರ ನಡೆಸಿದ್ದೆವು. ಹಾಳು ಮಂಟಪವೊಂದರ ಪಕ್ಕದ ಬಯಲಿನಲ್ಲಿ ಡೇರೆ ಹಾಕಿದ್ದೆವು. ನಕ್ಷತ್ರ ವೀಕ್ಷಣೆ ಮುಗಿಸಿ ಎಲ್ಲರೂ ಮಲಗಿದ್ದೆವು. ಸುಮಾರು 11 ಗಂಟೆಗೆ ಯಾರೋ ಗಂಟಲು ಹರಿಯುವಂತೆ ಕಿರುಚಿದ ಸದ್ದು! ಎಂ.ಎಸ್ಸಿ. ಓದಿದ ನನಗೂ ಮೈ ಜುಮ್ಮೆಂದಿತು.

ಆರನೇ ತರಗತಿಯ ಹುಡುಗಿಯೊಬ್ಬಳು ಅಳುತ್ತಾ ನನ್ನ ಬಳಿ ಬಂದಳು. "ಟೀಚರ್, ಊರಲ್ಲಿ ನಮ್ಮಜ್ಜಿಗೆ ಹುಷಾರಿಲ್ಲ. ರಾತ್ರಿ ಹಿಂಗೆ ಕೂಗಿದ್ರೆ ಮನೇಲಿ ಯಾರಾದ್ರೂ ಸಾಯ್ತಾರಂತೆ. ನನ್ನ ಈಗ್ಲೇ ಮನೆಗೆ ಕಳಿಸಿ."

'ಅದೆಲ್ಲ ಮೂಢನಂಬಿಕೆ, ಹೋಗಿ ಮಲಗು' ಎನ್ನಬಹುದಿತ್ತು. ಆದರೆ ಅಷ್ಟಕ್ಕೇ ಅವಳ ಭಯ ಹೋಗುತ್ತಿತ್ತೇ? ಮೇಲಾಗಿ ಕೂಗಿದ್ದು ಯಾರೆಂದು ಆಗ ನನಗೂ ಖಚಿತವಿರಲಿಲ್ಲ. "ಬಾ, ಮೊದಲು ಯಾರೆಂದು ಪತ್ತೆ ಮಾಡೋಣ" ಎಂದೆ.

ಡೇರೆಯ ಮುಂದೆ ಸುಮ್ಮನೆ ಕುಳಿತೆವು. ಮೂರು ಪ್ರಶ್ನೆ ಹಾಕಿಕೊಂಡೆವು. ಸದ್ದು ನೆಲದಿಂದ ಬರುತ್ತಿದೆಯೋ, ಎತ್ತರದಿಂದಲೋ? ಒಂದೇ ಕಡೆಯಿಂದಲೋ, ಜಾಗ ಬದಲಿಸುತ್ತಿದೆಯೋ? ಬಿಟ್ಟು ಬಿಟ್ಟು ಬರುತ್ತಿದೆಯೋ, ಒಂದೇ ಸಮನೆಯೋ?

ಹುಲ್ಲಿನಿಂದ ಒಂದೇ ಸಮನೆ ಬರುತ್ತಿದ್ದ 'ಚಿರ್‌ರ್' ಸದ್ದು ಗಂಡು ಜೀರುಂಡೆಗಳದ್ದು. ಅವು ಬಾಯಿಂದ ಕೂಗುವುದಿಲ್ಲ. ಮುಂದಿನ ರೆಕ್ಕೆಗಳನ್ನು ಒಂದಕ್ಕೊಂದು ಉಜ್ಜಿ ಸದ್ದು ಮಾಡುತ್ತವೆ. ಪೊದೆಗಳ ನಡುವಿನ ನೆಲದಿಂದ 'ಚುಕ್ ಚುಕ್' ಎನ್ನುತ್ತಿದ್ದುದು ನತ್ತಿಂಗ ಹಕ್ಕಿ. ಅಷ್ಟರಲ್ಲಿ ಮತ್ತೆ ಆ ಕಿರುಚು! ಅದು ಎತ್ತರದಿಂದ ಬಂತು. ಮೊದಲು ಮಂಟಪದ ಕಡೆಯಿಂದ, ಸ್ವಲ್ಪ ಹೊತ್ತಿಗೆ ಬಯಲಿನ ಮೇಲಿನಿಂದ. ಅಂದರೆ ಅದು ಹಾರುವ ಪ್ರಾಣಿ! ಟಾರ್ಚ್ ಹಾಕಿದಾಗ ಹೃದಯದ ಆಕಾರದ ಬಿಳಿ ಮುಖವೊಂದು ರೆಕ್ಕೆಯ ಸದ್ದೇ ಇಲ್ಲದೆ ತೇಲಿ ಹೋಯಿತು. ಅದು ಕಣಜ ಗೂಬೆ.

ಕಣಜ ಗೂಬೆಯ ಒಂದು ಕಿವಿ ಇನ್ನೊಂದಕ್ಕಿಂತ ಸ್ವಲ್ಪ ಮೇಲಿರುತ್ತದೆ. ಹೀಗಾಗಿ ಸದ್ದು ಎಷ್ಟು ಎತ್ತರದಿಂದ ಬಂತು ಎಂಬುದೂ ಅದಕ್ಕೆ ತಿಳಿಯುತ್ತದೆ. ಪೂರ್ತಿ ಕತ್ತಲ ಕೋಣೆಯಲ್ಲೂ ಅದು ಸದ್ದು ಕೇಳಿಯೇ ಇಲಿ ಹಿಡಿಯಬಲ್ಲದು ಎಂಬ ಪ್ರಯೋಗದ ವಿವರಗಳನ್ನು ಅಮೆರಿಕದ ವಿಜ್ಞಾನಿ ರೋಜರ್ ಪೇನ್ 1971ರಲ್ಲಿ ಪ್ರಕಟಿಸಿದರು. ಅಂದು ರಾತ್ರಿ ನಾವು ಮಾಡಿದ್ದೂ ಅದನ್ನೇ ಅಲ್ಲವೇ?

ಬೆಳಿಗ್ಗೆ ಮಂಟಪದ ಕೆಳಗೆ ಬೂದು ಬಣ್ಣದ ಉಂಡೆಗಳು ಬಿದ್ದಿದ್ದವು. ಗೂಬೆ ಇಲಿಯನ್ನು ಇಡಿಯಾಗಿ ನುಂಗಿ, ಜೀರ್ಣವಾಗದ ಕೂದಲು, ಮೂಳೆಗಳನ್ನು ಹೀಗೆ ಉಂಡೆ ಮಾಡಿ ಕಕ್ಕುತ್ತದೆ. ಕಡ್ಡಿಯಿಂದ ಬಿಡಿಸಿದಾಗ ಇಲಿಗಳ ಪುಟ್ಟ ತಲೆಬುರುಡೆಗಳು ಸಿಕ್ಕವು. ಹುಡುಗಿ ಅವನ್ನೇ ನೋಡುತ್ತಾ ಕೇಳಿದಳು, "ಇದು ದಿನಾ ರಾತ್ರಿ ಕೂಗುತ್ತಾ ಟೀಚರ್?"

"ಹೆಚ್ಚು ಕಡಿಮೆ ದಿನಾ ಕೂಗುತ್ತೆ."

"ಹಂಗಾದ್ರೆ ದಿನಾ ಯಾರೂ ಸಾಯಲ್ವಲ್ಲ!"

ಮನೆಗೆ ಫೋನ್ ಮಾಡಿಸಿದೆ. ಅಜ್ಜಿ ಎದ್ದು ಗಂಜಿ ಕುಡಿದಿದ್ದರು.

ಆದರೆ ಮೂರು ತಿಂಗಳ ನಂತರ ಅಜ್ಜಿ ತೀರಿಕೊಂಡರು. ಅವರ ಶಾಲೆಗೆ ಹೋದಾಗ, ಹುಡುಗಿ ಮತ್ತೆ ಗೂಬೆಯನ್ನು ದೂರುತ್ತಾಳೇನೋ ಎಂಬ ಅಳುಕು ನನಗಿತ್ತು. ಅವಳೇ ಹತ್ತಿರ ಬಂದು, "ಅಜ್ಜಿಗೆ ವಯಸ್ಸಾಗಿತ್ತು ಟೀಚರ್. ಹಿತ್ತಲ ಮರದ ಗೂಬೆಗೆ ಮಾವ ಕಲ್ಲು ಹೊಡೆಯೋಕೆ ಹೋಗಿದ್ರು. ನಾನೇ ಬೇಡ ಅಂದೆ" ಎಂದಳು. ನಾನು ಅವಳ ಕೈ ಹಿಡಿದುಕೊಂಡೆ. ಏನೂ ಹೇಳಲಾಗಲಿಲ್ಲ.

ನೀವೂ ಮಾಡಿ ನೋಡಿ: ಏಳು ರಾತ್ರಿ ಮನೆಯ ಅಂಗಳದಲ್ಲಿ ಹಿರಿಯರೊಂದಿಗೆ ಹತ್ತು ನಿಮಿಷ ಕುಳಿತು ಆಲಿಸಿ. ಸಮಯ, ದಿಕ್ಕು, ಎತ್ತರ, ಕೂಗಿನ ರೀತಿ ಇವನ್ನು ಪಟ್ಟಿ ಮಾಡಿ. ಒಬ್ಬರೇ ಕತ್ತಲಲ್ಲಿ ಹೋಗಬೇಡಿ. ಗೂಡಿನ ಹತ್ತಿರವೂ ಹೋಗಬೇಡಿ. ಪಟ್ಟಿಯನ್ನು ತರಗತಿಯಲ್ಲಿ ಓದಿ ಹೇಳಿ. ನಿಮ್ಮೂರಿನ ರಾತ್ರಿಯಲ್ಲಿ ಯಾರು ಯಾರು ಎಚ್ಚರವಿರುತ್ತಾರೆ ಎಂಬುದು ನಿಮಗೇ ತಿಳಿಯುತ್ತದೆ.