ಬೀರು ಬರಲಿಲ್ಲ, ನಾವು ಬಂದ್ವಿ!

ಸಿನಿಮಾದಲ್ಲಿ ಮನೆ ಬಿಡೋದು ಎಷ್ಟು ಸಲೀಸು ನೋಡಿ! ನಾಯಕ ಅಪ್ಪನ ಜತೆ ಜಗಳ ಆಡ್ತಾನೆ, ಅಮ್ಮನ ಫೋಟೋಗೆ ಕೈ ಮುಗೀತಾನೆ, ಒಂದು ಸೂಟ್‌ಕೇಸ್ ಹಿಡಿದು ಹೊರಟೇಬಿಡ್ತಾನೆ. ಹಿನ್ನೆಲೆಯಲ್ಲಿ ಒಂದು ಹಾಡು. ಹಾಡು ಮುಗಿಯುವಷ್ಟರಲ್ಲಿ ಹೊಸ ಊರು, ಹೊಸ ಮನೆ, ಎದುರು ಮನೆ ಬಾಲ್ಕನಿಯಲ್ಲಿ ನಾಯಕಿ. ಗ್ಯಾಸ್ ಸಿಲಿಂಡರ್ ಹೊತ್ತ ನಾಯಕನನ್ನು ನೀವು ಯಾವ ಚಿತ್ರದಲ್ಲಾದರೂ ನೋಡಿದ್ದೀರಾ? ರಾಗಿಹಿಟ್ಟಿನ ಡಬ್ಬದ ಮುಚ್ಚಳ ಹುಡುಕುವ ನಾಯಕಿಯನ್ನು? ನಾನಂತೂ ನೋಡಿಲ್ಲ.

ಹೋದ ವರ್ಷ ನಾವು ಕೆ.ಜಿ.ಎಫ್. ಬಿಟ್ಟು ಬಂಗಾರಪೇಟೆಗೆ ಬಂದೆವು. ನಡುವೆ ಇರೋದು ಹದಿನೈದು ಕಿಲೋಮೀಟರು ಚಿಲ್ಲರೆ ದಾರಿ. ಅಷ್ಟಕ್ಕೆ ನಮ್ಮ ಮನೆಯವರು ಮಾಡಿದ ರಂಪ ಇದೆಯಲ್ಲ, ಎರಡು ಭಾಗದ ಚಿತ್ರಕ್ಕೆ ಸಾಕು, ಸ್ವಾಮಿ!

ಕೆ.ಜಿ.ಎಫ್. ಅಂದ ತಕ್ಷಣ ನಿಮಗೆ ರಾಕಿ ನೆನಪಾಗ್ತಾನೆ, ಗೊತ್ತು. 2018ರ ಡಿಸೆಂಬರ್ 21ರಂದು ಮೊದಲ ಭಾಗ, 2022ರ ಏಪ್ರಿಲ್ 14ರಂದು ಎರಡನೇ ಭಾಗ ಬಂದಮೇಲೆ ನಮ್ಮೂರಿನ ಹೆಸರು ದೇಶಕ್ಕೆಲ್ಲ ಬಾಯಿಪಾಠ. ಚಿತ್ರದ ನರಾಚಿ ಪ್ರಶಾಂತ್ ನೀಲ್ ಅವರ ಕಲ್ಪನೆ. ಆದರೆ ಶೂಟಿಂಗ್ ನಡೆದ ಸಯನೈಡ್ ದಿಬ್ಬಗಳು ಮಾತ್ರ ಅಸಲಿ ಮಾಲು. ಬಂಡೆ ಪುಡಿ ಮಾಡಿ, ಸಯನೈಡಿನಿಂದ ಚಿನ್ನ ಬಿಡಿಸಿಕೊಂಡು, ಉಳಿದ ಪುಡಿಯನ್ನು ನೂರು ವರ್ಷ ಗುಡ್ಡೆ ಹಾಕಿದ್ದು ಅದು. ಗಾಳಿ ಕಾಲ ಬಂತೆಂದರೆ ಆ ಪುಡಿ ಹಾರಿ ಬಂದು ನಮ್ಮ ಮುದ್ದೆ ಮೇಲೆ ಕೂರ್ತಿತ್ತು. ನೀವು ಆ ದಿಬ್ಬವನ್ನು ಪರದೆ ಮೇಲೆ ನೋಡಿ ಸಿಳ್ಳೆ ಹೊಡೆದಿರಿ. ನಾವು ತಟ್ಟೆಯಲ್ಲಿ ನೋಡಿ ಊದಿಕೊಂಡು ಉಂಡೆವು!

ಹೆಸರಿನ ತಮಾಷೆ ನೋಡಿ. ಚಿನ್ನ ಸಿಕ್ಕ ಊರಿನ ಪೇಟೆಗಳಿಗೆ ರಾಬರ್ಟ್‌ಸನ್, ಆಂಡರ್ಸನ್ ಎಂಬ ದೊರೆಗಳ ಹೆಸರು. ಚಿನ್ನ ಸಿಗದ ಊರಿಗೆ ಬಂಗಾರಪೇಟೆ! ಅದೂ ಮೊದಲು ಬೌರಿಂಗ್ ಸಾಹೇಬರ ಹೆಸರಲ್ಲಿ ಬೌರಿಂಗ್‌ಪೇಟೆಯೇ ಆಗಿತ್ತು.

ನಮ್ಮ ತಾತ ಗಣಿಯವರು. ಅಪ್ಪನೂ ಗಣಿಯವರೇ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ನೂರಿಪ್ಪತ್ತು ವರ್ಷದಲ್ಲಿ ಸುಮಾರು 800 ಟನ್ ಚಿನ್ನ ಕೊಟ್ಟ ನೆಲ, ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿದ್ದ ಶಾಫ್ಟು, ಎಲ್ಲಾ ಸ್ತಬ್ಧ. ನನಗಾಗ ನಾಲ್ಕು ವರ್ಷ. ಅಂದಿನಿಂದ ಅಪ್ಪ ಬೆಂಗಳೂರಿನಲ್ಲಿ ವಾಚ್‌ಮನ್. ಮಾರಿಕುಪ್ಪಂನಿಂದ ಹೊರಡುವ ಬೆಳಗಿನ ರೈಲೇ ನಮ್ಮೂರಿನ ಹೊಸ ಶಾಫ್ಟು. ಮೊದಲು ಜನ ಕತ್ತಲಲ್ಲಿ ಕೆಳಕ್ಕೆ ಇಳೀತಿದ್ರು, ಈಗ ಕತ್ತಲಲ್ಲಿ ರೈಲು ಹತ್ತುತ್ತಾರೆ. ಸಂಜೆ ಬಂದಾಗ ಮುಖದ ಬಣ್ಣ ಮಾತ್ರ ಅದೇ.

ತಂಗಿಗೂ ವೈಟ್‌ಫೀಲ್ಡಿನಲ್ಲಿ ಕೆಲಸ ಸಿಕ್ಕಿತು. ಬಂಗಾರಪೇಟೆ ಜಂಕ್ಷನ್ನು, ಚೆನ್ನೈ ಕಡೆಯ ದೊಡ್ಡ ಲೈನಿನಲ್ಲಿದೆ, ರೈಲುಗಳು ಜಾಸ್ತಿ. ಅಲ್ಲಿಗೆ ಹೋದರೆ ಇಬ್ಬರಿಗೂ ದಿನಕ್ಕೆ ಒಂದು ಗಂಟೆ ಹೆಚ್ಚು ನಿದ್ದೆ ಅಂತ ಅಮ್ಮ ಲೆಕ್ಕ ಹಾಕಿದರು. ಅಪ್ಪನ ವಯಸ್ಸಿಗೆ ಒಂದು ಗಂಟೆ ನಿದ್ದೆ ಅಂದರೆ ಒಂದು ತೊಲ ಚಿನ್ನ.

ಸರಿ, ಮನೆ ಹುಡುಕಾಟ. ಆ ಡ್ಯೂಟಿ ನನ್ನದು. ಪಿ.ಯು.ಸಿ. ಅರ್ಧಕ್ಕೆ ಬಿಟ್ಟವನಿಗೆ ಇಂಥಾ ಡ್ಯೂಟಿಗಳು ತಾವಾಗಿಯೇ ಬಂದು ಬೀಳ್ತವೆ. ಒಬ್ಬ ಮನೆ ಮಾಲೀಕರು ಕೇಳಿದರು:

‘ಏನು ಕೆಲಸಪ್ಪಾ?’

‘ಪತ್ರಿಕೆಗೆ ಸಿನಿಮಾ ವಿಚಾರ ಬರೀತೀನಿ, ಸಾರ್.’

‘ಅದು ಸರಿ... ಕೆಲಸ ಏನು?’

ಬ್ರೋಕರ್ ಮಹಾಶಯ ಇನ್ನೂ ಒಂದು ಕೈ ಮೇಲು. ‘ಕೆ.ಜಿ.ಎಫ್.ನೋರು ಅಂತೀರ, ಅಡ್ವಾನ್ಸಿಗೆ ಚೌಕಾಸಿ ಮಾಡ್ತೀರಲ್ಲ ಸ್ವಾಮಿ! ಒಂದು ಬಿಸ್ಕತ್ತು ತಂದು ಇಟ್ಟುಬಿಡಿ’ ಅಂದ. ಅವನು ಹೇಳಿದ್ದು ಚಿನ್ನದ ಬಿಸ್ಕತ್ತು. ನನ್ನ ಜೇಬಲ್ಲಿದ್ದದ್ದು ಟೀ ಜತೆ ತಿನ್ನೋದು. ಐದು ವಾರ ಅಲೆದಮೇಲೆ ರೈಲು ಹಳಿಯ ಪಕ್ಕ ಒಂದು ಮನೆ ಸಿಕ್ಕಿತು. ಸದ್ದು ಜಾಸ್ತಿ, ಬಾಡಿಗೆ ಕಡಿಮೆ.

ನಿಜವಾದ ಫೈಟು ಶುರುವಾದದ್ದು ಆಮೇಲೆ. ‘ನಾನು ಬರಾಕಿಲ್ಲ’ ಅಂದರು ಅಜ್ಜಿ. ಕಾರಣ ಇತ್ತು. ನಮ್ಮದು ಗಣಿ ಲೈನಿನ ಮನೆ, ನಮ್ಮ ಹೆಸರಲ್ಲಿಲ್ಲ. ಇವತ್ತಲ್ಲ ನಾಳೆ ಹೆಸರಿಗೆ ಆಗುತ್ತೆ ಅಂತ ಇಡೀ ಲೈನೇ ಕಾಯ್ತಾ ಕೂತಿದೆ. ಬೀಗ ಹಾಕಿ ಹೋದರೆ ಆ ಆಸೆಗೂ ಬೀಗ. ‘ನಿಮ್ಮ ತಾತ ಭೂಮಿ ಒಳಗೆ ಇಳಿದು ಸಂಪಾದಿಸಿದ್ದು ಇದೊಂದೇ ಸೂರು. ಒಂದು ಗಂಟೆ ನಿದ್ದೆಗೆ ಮಾರಿಕೊಳ್ತೀರಾ?’ ಅಂತ ಕೇಳಿದರು. ಅಪ್ಪ ತಲೆ ಬಗ್ಗಿಸಿದವರು ಎರಡು ದಿನ ಎತ್ತಲಿಲ್ಲ. ಕೊನೆಗೆ ಚಿಕ್ಕಪ್ಪನ ಸಂಸಾರ ಬಂದು ಆ ಮನೆಯಲ್ಲಿ ಇರೋದು ಅಂತ ತೀರ್ಮಾನವಾಯಿತು. ದೀಪ ಆರಬಾರದು, ಅಷ್ಟೇ. ಅಜ್ಜಿ ಒಪ್ಪಿದರು.

ಒಪ್ಪಿದಮೇಲೆ ಪಂಚಾಂಗ ತೆಗೆದರು. ಆಷಾಢ ಬೇಡ, ಮಂಗಳವಾರ ಬೇಡ, ರಾಹುಕಾಲ ಬೇಡ. ಎಲ್ಲಾ ಕಳೆದು ಉಳಿದದ್ದು ಶ್ರಾವಣದ ಒಂದು ಬುಧವಾರ. ರಾಹುಕಾಲ ಮಧ್ಯಾಹ್ನ ಹನ್ನೆರಡಕ್ಕೆ, ಅಷ್ಟರೊಳಗೆ ಹೊಸ್ತಿಲು ದಾಟಬೇಕು. ಗಾಡಿ ಬಂತು, ನೀವು ಛೋಟಾ ಹಾಥಿ ಅನ್ನೋದಕ್ಕೆ ನಮ್ಮೂರ ತಮಿಳಿನಲ್ಲಿ ಕುಟ್ಟಿ ಯಾನೈ. ಆನೆ ಮರಿ ಬಂತು, ಆದರೆ ಬೀರು ಬಾಗಿಲಲ್ಲಿ ಸಿಕ್ಕಿಹಾಕಿಕೊಂಡಿತು!

ಉದ್ದಕ್ಕೆ ತಿರುಗಿಸಿದೆವು, ಅಡ್ಡಕ್ಕೆ ತಿರುಗಿಸಿದೆವು. ಲೈನಿನ ಹುಡುಗರೆಲ್ಲ ಬಂದು ಹೆಗಲು ಕೊಟ್ಟರು. ಒಬ್ಬ ‘ಬಾಗಿಲು ಕೀಳೋಣ’ ಅಂದ, ಇನ್ನೊಬ್ಬ ‘ಬೀರು ಕೊಯ್ಯೋಣ’ ಅಂದ. ಒಳಗೆ ಹೋದದ್ದು ಹೊರಗೆ ಯಾಕೆ ಬರಲ್ಲ? ಆಗ ಅಮ್ಮ ಶಾಂತವಾಗಿ ನೆನಪಿಸಿದರು: ಬೀರು ಬಂದದ್ದು ಮದುವೆಯ ವರ್ಷ, ಅಪ್ಪ ಮುಂದುಗಡೆ ಗೋಡೆ ಎಬ್ಬಿಸಿ ಚಿಕ್ಕ ಬಾಗಿಲು ಇಟ್ಟದ್ದು ಅದಾದ ಮೇಲೆ. ಎಲ್ಲರೂ ಅಪ್ಪನ ಕಡೆ ನೋಡಿದೆವು. ಅಪ್ಪ ನಕ್ಕರು! ಎರಡು ತಿಂಗಳಲ್ಲಿ ಅದೇ ಮೊದಲ ನಗು. ‘ಬೀರು ಇಲ್ಲೇ ಇದ್ದರೆ ನಾವು ಮನೆ ಬಿಟ್ಟ ಹಾಗಲ್ಲ’ ಅಂದರು. ಅದರ ಬಾಗಿಲ ಒಳಗೆ ಅಂಟಿಸಿದ್ದ ಡಾಕ್ಟರ್ ರಾಜ್‌ಕುಮಾರ್ ಚಿತ್ರವೂ ಅಲ್ಲೇ ಉಳಿಯಿತು. ಗಣಿ ಟೋಪಿ, ತಲೆಗೆ ಕಟ್ಟುವ ದೀಪ ಮಾತ್ರ ಅಪ್ಪ ತಮ್ಮ ಮಡಿಲಲ್ಲೇ ಇಟ್ಟುಕೊಂಡರು. ಪಕ್ಕದ ಮನೆ ಅಕ್ಕ ಕಣ್ಣೊರೆಸಿಕೊಂಡು ‘ಪೋಯಿಟ್ಟು ವಾಂಗ’ ಅಂದರು. ಹೋಗಿ ಅನ್ನಲಿಲ್ಲ, ಹೋಗಿ ಬನ್ನಿ ಅಂದರು. ಆ ಮಾತಿಗೆ ತಮಿಳಾದರೇನು, ಕನ್ನಡವಾದರೇನು?

ದಾರಿಯಲ್ಲಿ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನಮ್ಮ ಕನ್ನಡ ಚಿತ್ರರಂಗವೇನು ಕಮ್ಮಿ ಮನೆ ಬದಲಾಯಿಸಿದೆಯಾ? 1934ರ ಮೊದಲ ಕನ್ನಡ ಟಾಕಿ ‘ಸತಿ ಸುಲೋಚನಾ’ ತಯಾರಾದದ್ದು ಕೊಲ್ಲಾಪುರದಲ್ಲಿ. ಆಮೇಲೆ ಎಷ್ಟೋ ವರ್ಷ ಮದರಾಸಿನ ಸ್ಟುಡಿಯೋಗಳಲ್ಲಿ ವಾಸ. ಸ್ವತಃ ಅಣ್ಣಾವ್ರೇ ವರ್ಷಗಟ್ಟಲೆ ಮದರಾಸಿನಲ್ಲಿ ಸಂಸಾರ ಮಾಡಿದವರು. ಬೆಂಗಳೂರಿಗೆ ಬಂದದ್ದು ಆಮೇಲೆ. ಅಷ್ಟು ದೊಡ್ಡವರೇ ಪಾತ್ರೆ ಪಗಡ ಹೊತ್ತಿರುವಾಗ ನಾವ್ಯಾವ ಲೆಕ್ಕ!

ಹನ್ನೆರಡಕ್ಕೆ ಐದು ನಿಮಿಷ ಇರುವಾಗ ಅಜ್ಜಿ ದೀಪ, ಉಪ್ಪು, ತುಂಬಿದ ಬಿಂದಿಗೆಯ ಜತೆ ಹೊಸ್ತಿಲು ದಾಟಿದರು. ಹಾಲು ಉಕ್ಕಿಸಬೇಕು. ಹಾಲಿದೆ, ಪಾತ್ರೆಯಿದೆ, ಒಲೆಯೂ ಇದೆ. ಲೈಟರು? ಬೀರುವಿನ ಒಳಗೆ! ಎದುರು ಮನೆಯಿಂದ ಬೆಂಕಿಪೊಟ್ಟಣ ಬಂತು. (ಕೊಟ್ಟವರು ನಾಯಕಿಯಲ್ಲ, ರಿಟೈರ್ಡ್ ಮೇಷ್ಟರು.)

ಸಂಜೆ ಅಜ್ಜಿಗೆ ಬಂಗಾರಪೇಟೆಯ ಪಾನಿಪೂರಿ ಕೊಡಿಸಿದೆ. ಇಲ್ಲಿ ಪಾನಿಗೆ ಬಣ್ಣವೇ ಇಲ್ಲ, ಕುಡಿಯೋ ನೀರಿನ ಹಾಗೆ ತಿಳಿ. ‘ಬರೀ ನೀರಿಗೆ ದುಡ್ಡು ತಕ್ಕಂತಾನಲ್ಲೋ!’ ಅಂತ ಬಾಯಿಗಿಟ್ಟವರಿಗೆ ಖಾರಕ್ಕೆ ಕಣ್ಣಲ್ಲಿ ನೀರು. ಬೆಳಗಿನಿಂದ ಬಿಗಿಹಿಡಿದದ್ದೆಲ್ಲ ಆ ನೆಪದಲ್ಲಿ ಹರಿದುಹೋಯಿತು ಅಂತ ಕಾಣುತ್ತೆ. ಇನ್ನೊಂದು ಪ್ಲೇಟು ಕೇಳಿದರು.

ಆ ರಾತ್ರಿ ನಡೆದದ್ದನ್ನು ಹೇಳಲೇಬೇಕು. ಎರಡು ಗಂಟೆ ಹೊತ್ತಿಗೆ ಒಂದು ಗೂಡ್ಸ್ ಗಾಡಿ ಹೋಯಿತು. ನೆಲ ಅದುರಿತು, ಪಾತ್ರೆಗಳು ಗಲಗಲ ಅಂದವು. ಅಜ್ಜಿ ಧಡಕ್ಕನೆ ಎದ್ದು ಸೆರಗು ಬಿಗಿದು ಬಾಗಿಲ ಹತ್ತಿರ ಹೋಗಿ ನಿಂತರು. ಗಣಿ ನಡೆಯುತ್ತಿದ್ದ ಕಾಲದಲ್ಲಿ ಆಳದ ಬಂಡೆ ಒತ್ತಡಕ್ಕೆ ತಾನಾಗಿ ಸಿಡಿಯುತ್ತಿತ್ತು. ಮೇಲಿನ ಮನೆಗಳೆಲ್ಲ ಅದುರುತ್ತಿದ್ದವು. ಹೆಂಗಸರು ಶಾಫ್ಟಿನ ಕಡೆ ಓಡುತ್ತಿದ್ದರು, ಯಾರ ಮನೆಯವರು ಮೇಲೆ ಬರ್ತಾರೆ, ಯಾರ ಮನೆಯವರು ಬರೋದಿಲ್ಲ ಅಂತ ನೋಡೋಕೆ.

‘ಬ್ಲಾಸ್ಟೇನೋ?’ ಅಂದರು ಅಜ್ಜಿ.

‘ಅಲ್ಲಮ್ಮಾ, ರೈಲು’ ಅಂದರು ಅಪ್ಪ.

ಅಜ್ಜಿ ಸ್ವಲ್ಪ ಹೊತ್ತು ಸುಮ್ಮನೆ ನಿಂತರು. ‘ರೈಲಾದ್ರೆ ಸರಿ. ಹೋದೋರು ವಾಪಸ್ ಬರ್ತಾರೆ. ಮಲಕ್ಕೋ’ ಅಂದು ತಾವೂ ಮಲಗಿದರು. ಈಗ ಗಾಡಿ ಲೇಟಾದರೆ ಅವರಿಗೆ ನಿದ್ದೆ ಬರೋದಿಲ್ಲ!

ಅಪ್ಪನಿಗೆ ಆ ಒಂದು ಗಂಟೆ ನಿದ್ದೆ ದಿನಾ ಸಿಗ್ತಾ ಇದೆ. ಭಾನುವಾರ ಮಾತ್ರ ತಪ್ಪದೆ ಕೆ.ಜಿ.ಎಫ್.ಗೆ ಹೋಗ್ತಾರೆ. ಕೇಳಿದರೆ ‘ಬೀರು ನೋಡಿ ಬರ್ತೀನಿ’ ಅಂತಾರೆ. ಅಂದ ಹಾಗೆ, ಆ ಬೀರುವಿನ ಬೀಗದಕೈ ಇರೋದು ಅಜ್ಜಿಯ ಸೊಂಟದಲ್ಲಿ. ಚಿಕ್ಕಮ್ಮನ ಸೀರೆಗಳೆಲ್ಲ ಇನ್ನೂ ಟ್ರಂಕಿನಲ್ಲೇ ಇವೆ. ಚಿಕ್ಕಪ್ಪ ವಾರಕ್ಕೊಮ್ಮೆ ಫೋನ್ ಮಾಡಿ ಗೋಗರೀತಾರೆ: ‘ಅಮ್ಮಾ, ಭಾನುವಾರ ಅಣ್ಣನ ಕೈಲಿ ಕೀ ಕಳಿಸಮ್ಮಾ.’

ಅಜ್ಜಿಯ ಉತ್ತರ ಮಾತ್ರ ಬದಲಾಗಿಲ್ಲ: ‘ಕೀ ಕಳಿಸಾಕಿಲ್ಲ ಕಣೋ. ಮನೆ ನಮ್ಮ ಹೆಸರಿಗೆ ಆಗಲಿ, ನಾನೇ ತಂದು ತೆಗೀತೀನಿ!’