ಕಾರಿನ ಮಡಿ

ಐವತ್ತೊಂಬತ್ತನೆಯ ವಯಸ್ಸಿನಲ್ಲಿ ಮೊದಲ ಕಾರನ್ನು ಕೊಂಡವನ ಪಾಡು, ಆ ವಯಸ್ಸಿನಲ್ಲಿ ಮೊದಲ ಮಗುವಿಗೆ ತಂದೆಯಾದವನ ಪಾಡಿಗಿಂತ ಬಹಳ ಬೇರೆಯಲ್ಲ. ನೋಡಲು ಬಂದವರೆಲ್ಲ ಒಂದು ಬಗೆಯಾಗಿ ನಗುತ್ತಾರೆ. ಹೋಗುವಾಗ ಒಂದೊಂದು ಸಲಹೆಯನ್ನು ಬಿಟ್ಟುಹೋಗುತ್ತಾರೆ. "ಬಿಸಿಲಿಗೆ ನಿಲ್ಲಿಸಬೇಡಿ" ಎಂದು ಒಬ್ಬರು ಹೇಳಿದರೆ, "ಮರದ ಕೆಳಗೆ ನಿಲ್ಲಿಸಬೇಡಿ" ಎಂದು ಇನ್ನೊಬ್ಬರು. ಬಿಸಿಲೂ ಅಲ್ಲದ, ಮರದ ನೆರಳೂ ಅಲ್ಲದ ಜಾಗ ಬೇಕಾದರೆ ನರಸಿಂಹಾವತಾರದ ಹಾಗೆ ಹೊಸ್ತಿಲ ಮೇಲೆಯೇ ನಿಲ್ಲಿಸಬೇಕು.

ಕಾರಿನ ಆಸೆ ನನಗೆ ಎಂದೂ ಇರಲಿಲ್ಲ. ಮೂವತ್ತೆರಡು ವರ್ಷ ಹನುಮಂತನಗರದಿಂದ ಸಿಟಿ ಬಸ್ಸಿನಲ್ಲಿ ಆಫೀಸಿಗೆ ಹೋಗಿಬಂದವನು ನಾನು. ಆದರೆ ನಮ್ಮ ತಾಯಿಗೆ ಎಂಬತ್ತಮೂರಾಯಿತು. ಮಂಡಿ ಬಗ್ಗದು, ಆಟೋ ಹತ್ತಿಸುವುದೆಂದರೆ ನಾನು ಒಳಗಿನಿಂದ ಎಳೆದು, ನನ್ನಾಕೆ ಹೊರಗಿನಿಂದ ಆನಿಸಿಕೊಂಡು, ಡ್ರೈವರು ಮೀಟರನ್ನೂ ನಮ್ಮನ್ನೂ ಸರದಿಯ ಮೇಲೆ ನೋಡುವ ದೊಡ್ಡ ಪ್ರಸಂಗ. ಅದರ ಮೇಲೆ ಎರಡು ಕಣ್ಣಿಗೂ ಪೊರೆ. ಆಸ್ಪತ್ರೆಯ ಓಡಾಟದ ಲೆಕ್ಕ ಹಾಕಿ, ಭವಿಷ್ಯನಿಧಿಯ ಹಣದಲ್ಲಿ ಒಂದು ಪಾಲನ್ನು ಮುರಿದು ಕಾರು ತಂದೆ.

ಬಿಳಿಯದನ್ನು ಕೊಳ್ಳಿ, ಧೂಳು ಕಂಡರೂ ಗೀರು ಕಾಣುವುದಿಲ್ಲ ಎಂದು ಮಾರುವವನೇ ಹೇಳಿದ್ದ. ಅಮ್ಮ ಒಪ್ಪಲಿಲ್ಲ. "ಬಿಳಿ ಬೇಡವೋ, ಆಸ್ಪತ್ರೆ ಗಾಡಿ ಇದ್ದ ಹಾಗಿರುತ್ತೆ. ಕೃಷ್ಣನ ಬಣ್ಣ ತೊಗೋ" ಎಂದಳು. ಹಾಗಾಗಿ ನಮ್ಮದು ಗಾಢ ನೀಲಿಯ ಕಾರು. ಮುಂದೆ ನಡೆದ ಕಥೆಗೆಲ್ಲ ಈ ಕೃಷ್ಣವರ್ಣವೇ ಮೂಲ.

ಕಾರು ಬಂದ ಮೂರನೆಯ ದಿನ ಅದನ್ನು ಶುಚಿಮಾಡುವ ಸಾಮಾನು ತರಲು ಜೆ. ಸಿ. ರಸ್ತೆಗೆ ಹೋದೆ. ಟೌನ್ ಹಾಲಿನಿಂದ ಮಿನರ್ವ ವೃತ್ತದ ಕಡೆಗೆ ನಡೆದರೆ ಎರಡು ಪಕ್ಕದಲ್ಲೂ ಕಾರಿನ ಬಿಡಿಭಾಗಗಳ ಅಂಗಡಿಗಳು. ನಾನು ಹೊಕ್ಕ ಅಂಗಡಿಯ ಯಜಮಾನರು ನನ್ನ ಮುಖ ನೋಡಿದೊಡನೆಯೇ ಹೊಸಬನೆಂದು ತಿಳಿದುಕೊಂಡರೆಂದು ಕಾಣುತ್ತದೆ. ಕುರ್ಚಿ ಹಾಕಿಸಿ, ಕಾಫಿ ತರಿಸಿದರು. ಬಳಿಕ ಗಾಜಿನ ಪೆಟ್ಟಿಗೆಯ ಮೇಲೆ ಒಂದೊಂದೇ ಸಾಮಾನು ಬರತೊಡಗಿತು. ನೊರೆ ಚಿಮ್ಮಿಸುವ ಬಂದೂಕು. ಟೈರನ್ನು ಕಪ್ಪಗೆ ಮಾಡುವ ಎಣ್ಣೆ. ಡ್ಯಾಷ್‌ಬೋರ್ಡನ್ನು ಮಿಂಚಿಸುವ ಇನ್ನೊಂದು ಎಣ್ಣೆ. ಪೈಂಟಿನಲ್ಲಿ ಅಂಟಿಕೊಂಡ ಕಸವನ್ನು ಎತ್ತುವ ಜೇಡಿಮಣ್ಣಿನಂಥ ಒಂದು ಉಂಡೆ. ಗಾಜಿಗೆ ಒಂದು ನೀರು, ಚಕ್ರಕ್ಕೆ ಒಂದು ನೀರು, ಚರ್ಮಕ್ಕೆ ಒಂದು ನೀರು. ನಮ್ಮ ಕಾರಿನಲ್ಲಿ ಚರ್ಮವೇ ಇಲ್ಲವೆಂಬುದು ನನಗೆ ಆಮೇಲೆ ಹೊಳೆಯಿತು. ಕೊನೆಗೆ ಮಲ್ಲಿಗೆ ವಾಸನೆಯ ಒಂದು ಡಬ್ಬಿ. ಒಟ್ಟು 4,600 ರೂಪಾಯಿ. ನಮ್ಮ ತಂದೆ ನಲವತ್ತು ವರ್ಷ ತಮ್ಮ ಸೈಕಲನ್ನು ಒಂದು ಹರಿದ ಬನಿಯನ್ನಿನಿಂದಲೂ ಎರಡು ತೊಟ್ಟು ಎಣ್ಣೆಯಿಂದಲೂ ಕನ್ನಡಿಯಂತೆ ಇಟ್ಟುಕೊಂಡಿದ್ದರು. ಕಾಫಿಯ ಋಣವಿದ್ದರೂ, ಚೀಟಿ ಮಾತ್ರ ಬರೆಸಿಕೊಂಡು ಮನೆಗೆ ಬಂದೆ.

ಚೀಟಿಯನ್ನು ಪಕ್ಕದ ಮನೆಯ ಇಂಜಿನಿಯರ್ ಹುಡುಗನಿಗೆ ತೋರಿಸಿದೆ. ಅವನು ಭಾನುವಾರದ ಬೆಳಗಿನಲ್ಲಿ ಕಾರು ತೊಳೆಯುವುದನ್ನು ನೋಡಿದರೆ ಯಾರೋ ಅಭಿಷೇಕ ಮಾಡುತ್ತಿರುವಂತೆ ಕಾಣುತ್ತದೆ. ಪೆನ್ಸಿಲು ತೆಗೆದುಕೊಂಡು ಒಂದೊಂದಾಗಿ ಹೊಡೆದುಹಾಕಿದ. "ಅಂಕಲ್, ಹೊಸ ಕಾರಿಗೆ ಇಷ್ಟು ಸಾಕು" ಎಂದ. ಉಳಿದದ್ದು, ಕಾರಿಗೆಂದೇ ಮಾಡಿದ ಷಾಂಪೂ ಒಂದು ಬುಡ್ಡಿ, ಮೃದುವಾದ ಕೈಚೀಲದಂಥ ಒಂದು ಗವಸು, ಮೈಕ್ರೋಫೈಬರ್ ಬಟ್ಟೆ ಆರು, ಬಕೆಟ್ಟು ಎರಡು. ಮೇಣದ ಡಬ್ಬಿಯನ್ನು ಮೂರು ತಿಂಗಳ ಮೇಲೆ ಕೊಂಡರೆ ಸಾಕಂತೆ. ಒಳ್ಳೆಯ ಮೇಣ ಬ್ರೆಜಿಲ್ ದೇಶದ ಕಾರ್ನೌಬ ಎಂಬ ತಾಳೆಯ ಜಾತಿಯ ಮರದ ಎಲೆಯಿಂದ ಬರುತ್ತದೆಂದು ಅವನಿಂದಲೇ ತಿಳಿಯಿತು. ತೆಂಗಿನಗರಿಯಿಂದ ಪೊರಕೆಯೊಂದನ್ನೇ ತೆಗೆದ ನಮ್ಮ ಜಾಣತನದ ಬಗ್ಗೆ ಸ್ವಲ್ಪ ನಾಚಿಕೆಯಾಯಿತು.

"ಷಾಂಪೂ ಏಕೆ? ಪಾತ್ರೆ ತೊಳೆಯುವ ಸೋಪಿನ ನೀರಿದೆಯಲ್ಲ!" ಎಂದಳು ನನ್ನಾಕೆ. ನಾನೂ ಹಾಗೆಯೇ ಯೋಚಿಸಿದ್ದೆ. ಆದರೆ ಪಾತ್ರೆಯ ಸೋಪು ಹುಟ್ಟಿರುವುದೇ ಜಿಡ್ಡನ್ನು ಕಿತ್ತುಹಾಕುವುದಕ್ಕೆ. ಅದಕ್ಕೆ ಬಾಣಲೆಯ ಜಿಡ್ಡು ಯಾವುದು, ಕಾರಿನ ಮೇಲೆ ನಾವೇ ಬಳಿದ ಮೇಣ ಯಾವುದು ಎಂಬ ವಿವೇಕವಿಲ್ಲ. ಕಾರಿನ ಷಾಂಪೂ ಹುಳಿಯೂ ಅಲ್ಲದೆ ಕ್ಷಾರವೂ ಅಲ್ಲದೆ ಮಧ್ಯಮಮಾರ್ಗದಲ್ಲಿರುತ್ತದೆ. ಮರಳಿನ ಕಣಕ್ಕೂ ಪೈಂಟಿಗೂ ನಡುವೆ ಜಾರಿಕೆಯಾಗಿ ನಿಲ್ಲುತ್ತದೆ. ಒಂದು ಬಕೆಟ್ಟಿಗೆ ಮುಚ್ಚಳದಷ್ಟು ಸಾಕು. ಬುಡ್ಡಿ ಒಂದು ವರ್ಷ ಬರುತ್ತದೆ.

ಬಟ್ಟೆಯ ವಿಚಾರ ಇನ್ನೂ ಸ್ವಾರಸ್ಯ. ಅಲ್ಲಿಯವರೆಗೆ ನಾನು ಸಿಗ್ನಲ್ಲಿನಲ್ಲಿ ಕೊಂಡ ಹಳದಿ ಬಟ್ಟೆಯೊಂದೇ ಸರ್ವಸ್ವವೆಂದು ತಿಳಿದಿದ್ದೆ. ಒಣ ಬಟ್ಟೆಯಿಂದ ಧೂಳನ್ನು ಒರೆಸುವುದೇ ಕಾರಿಗೆ ಮಾಡುವ ಮಹಾಪಾಪವಂತೆ. ಕಾರಿನ ಬಣ್ಣದ ಮೇಲೆ ಬಣ್ಣವಿಲ್ಲದ ವಾರ್ನಿಷಿನಂಥ ಒಂದು ಪದರವಿದೆ, ಹೊಳಪೆಲ್ಲ ಅದರದು. ಅದರ ದಪ್ಪ ಸುಮಾರು 40-50 ಮೈಕ್ರಾನು, ನಮ್ಮ ತಲೆಕೂದಲಿಗಿಂತ ತೆಳುವು. ಇನ್ನು ಧೂಳು? ಬೆಂಗಳೂರು ಕೂತಿರುವುದೇ ಕಲ್ಲಿನ ಮೇಲೆ. ಲಾಲ್‌ಬಾಗಿನ ಬಂಡೆಗೆ ಮುನ್ನೂರು ಕೋಟಿ ವರ್ಷದ ವಯಸ್ಸೆಂದು ಭೂವಿಜ್ಞಾನಿಗಳು ಹೇಳುತ್ತಾರೆ. ಅಂಥ ಬಂಡೆ ಸವೆದು ಉದುರಿಸುವ ಬೆಣಚುಕಲ್ಲಿನ ಪುಡಿ ಗಾಜಿಗಿಂತಲೂ ಗಟ್ಟಿ. ಒಂದು ಕಡೆ ಮುನ್ನೂರು ಕೋಟಿ ವರ್ಷದ ಕಲ್ಲು. ಇನ್ನೊಂದು ಕಡೆ ಕೂದಲಿನಷ್ಟೂ ದಪ್ಪವಿಲ್ಲದ ವಾರ್ನಿಷು. ನಡುವೆ ನನ್ನ ಹಳದಿ ಬಟ್ಟೆ. ಯಾರು ಗೆಲ್ಲುತ್ತಾರೆಂದು ಹೇಳಬೇಕಾಗಿಲ್ಲ.

ಮೈಕ್ರೋಫೈಬರಿನ ಎಳೆ ರೇಷ್ಮೆಯ ಎಳೆಗಿಂತ ಸಣ್ಣದು. ಆ ಸಣ್ಣ ಎಳೆಗಳ ಸಂದಿನಲ್ಲಿ ಧೂಳು ಸಿಕ್ಕಿಕೊಳ್ಳುತ್ತದೆಯೇ ಹೊರತು ಪೈಂಟಿನ ಮೇಲೆ ಉರುಳಾಡುವುದಿಲ್ಲ. ಕೊಳ್ಳುವಾಗ ಜಿ.ಎಸ್.ಎಂ. ಎಂಬ ಅಂಕಿಯನ್ನು ನೋಡಬೇಕು. ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ತೂಗುತ್ತದೆಂಬ ಲೆಕ್ಕ ಅದು. ಒಳಗೆ ಒರೆಸಲು 300ರದು ಸಾಕು, ಮೈಯ ನೀರನ್ನು ಹೀರಲು ಇನ್ನೂ ದಪ್ಪನೆಯದು ಒಂದೆರಡು. ಆದರೆ ಬಟ್ಟೆ ಎಷ್ಟು ಒಳ್ಳೆಯದಾದರೂ ಮೊದಲು ನೀರು ಹೊಯ್ದು ಧೂಳನ್ನು ಇಳಿಸಬೇಕು. ತಲೆಯಿಂದ ಕಾಲಿಗೆ ಬರಬೇಕು, ಕಾಲಿನಿಂದ ತಲೆಗಲ್ಲ. ಒಂದು ಬಕೆಟ್ಟಿನಲ್ಲಿ ಷಾಂಪೂ, ಇನ್ನೊಂದರಲ್ಲಿ ಬರಿಯ ನೀರು. ಪ್ರತಿ ಸಲವೂ ಗವಸನ್ನು ಬರಿಯ ನೀರಿನಲ್ಲಿ ಜಾಲಿಸಿಯೇ ಷಾಂಪೂವಿಗೆ ಅದ್ದಬೇಕು.

ಈ ನೀರಿನದೇ ಒಂದು ಪ್ರತ್ಯೇಕ ಸಂಕಟ. 2024ರ ಮಾರ್ಚಿನಲ್ಲಿ ಊರೆಲ್ಲ ಟ್ಯಾಂಕರಿನ ದಾರಿ ಕಾಯುತ್ತಿದ್ದಾಗ, ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಆಜ್ಞೆ ಹೊರಡಿಸಿತ್ತು; ಮರುವರ್ಷ ಫೆಬ್ರವರಿಯಲ್ಲಿ ಅದನ್ನೇ ಮತ್ತೊಮ್ಮೆ ಸಾರಿತು. ನ್ಯಾಯವೇ. ಎರಡು ಬಿಂದಿಗೆ ನೀರಿಗೆ ಜನ ಸಾಲು ನಿಂತಿರುವಾಗ ಪೈಪು ಹಿಡಿದು ಕಾರಿಗೆ ಮಂಗಳಸ್ನಾನ ಮಾಡಿಸುವವನಿಗೆ ದಂಡ ಕಡಮೆಯೇ ಆಯಿತು. ಕೊಳವೆ ಬಾವಿಯ ನೀರಾದರೆ ಗಡಸು. ಒಣಗಿದಲ್ಲೆಲ್ಲ ಬಿಳಿಯ ಬಳೆಗಳನ್ನು ಬಿಡುತ್ತದೆ. ನೀರು ಶುದ್ಧಿಮಾಡುವ ಯಂತ್ರ ಹೊರಗೆ ಬಿಡುವ ನೀರಿನಲ್ಲಿ ಉಪ್ಪಿನಂಶ ಇನ್ನೂ ಹೆಚ್ಚು. ಕೊನೆಗೆ ತಾರಸಿಯ ಮಳೆನೀರಿಗೆ ಒಂದು ಡ್ರಮ್ಮು ಇಟ್ಟೆವು. ವಾರಕ್ಕೆ ಎರಡು ಬಕೆಟ್ಟು, ಒಂದು ತಂಬಿಗೆ. ಮಳೆನೀರು ಕಲೆ ಬಿಡುವುದಿಲ್ಲ.

ಇಷ್ಟೆಲ್ಲ ವಿದ್ಯೆಯನ್ನು ಸಂಪಾದಿಸಿದವನು ಸುಮ್ಮನಿರುತ್ತಾನೆಯೆ? ಮನೆಗೆ ಬಂದವರಿಗೆಲ್ಲ ಉಪನ್ಯಾಸ ಕೊಡತೊಡಗಿದೆ. ಅಮ್ಮನಿಗೊಬ್ಬಳಿಗೆ ಹೇಳಲಿಲ್ಲ. ಅವಳಿಗೇಕೆ ಇದೆಲ್ಲ ಎಂದುಕೊಂಡೆ.

ಒಂದು ಶುಕ್ರವಾರ ಬೆಳಗ್ಗೆ ಹಲ್ಲುಜ್ಜುತ್ತ ಬಾಗಿಲಿಗೆ ಬಂದೆ. ಹೊಂಗೆಯ ಮರದ ಕೆಳಗೆ ಕಾರು. ಅಮ್ಮ ರಂಗೋಲಿ ಇಟ್ಟು, ಬಾಗಿಲಿಗೆ ಇಟ್ಟ ಕುಂಕುಮವನ್ನೇ ಕಾರಿಗೂ ಇಟ್ಟು, ಒಂದು ಕೈಯಲ್ಲಿ ಕಾರನ್ನು ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಸೆರಗಿನಿಂದ ಎಡಗಡೆಯ ಹಿಂದಿನ ಬಾಗಿಲನ್ನು ಒರೆಸುತ್ತಿದ್ದಳು. ಒರೆಸುವುದೆಂದರೇನು, ತಿಕ್ಕುತ್ತಿದ್ದಳು. ಜೀವಮಾನವೆಲ್ಲ ಬೂದಿ, ಹುಣಿಸೆಹಣ್ಣು, ತೆಂಗಿನ ನಾರುಗಳಲ್ಲಿ ಹಿತ್ತಾಳೆಯನ್ನು ಬೆಳಗಿದ ಕೈ. ಹಿತ್ತಾಳೆಗೆ ತಿಕ್ಕಿದಷ್ಟೂ ಹೊಳಪು.

"ಅಮ್ಮಾ! ಮುಟ್ಟಬೇಡ!"

ನನ್ನ ಬಾಯಿಂದ ಅಂಥ ದನಿ ಬರುತ್ತದೆಂದು ನನಗೇ ಗೊತ್ತಿರಲಿಲ್ಲ. ಬೀದಿಯಲ್ಲಿ ಹಾಲಿನವನು ನಿಂತು ನೋಡಿದ. ಅಷ್ಟಕ್ಕೇ ಬಿಡದೆ, ವಾರ್ನಿಷು, ಮೈಕ್ರಾನು, ಭವಿಷ್ಯನಿಧಿ ಎಲ್ಲವನ್ನೂ ಹೇಳಿದೆ. ಅಮ್ಮ ಸೆರಗನ್ನು ಬಿಟ್ಟು, ಗೋಡೆ ಹಿಡಿದುಕೊಂಡು ಒಳಗೆ ಹೋದಳು. ಬಿಸಿಲು ಏರಿದ ಮೇಲೆ ನೋಡಿದರೆ, ಕೃಷ್ಣವರ್ಣದ ಮೇಲೆ ಅರ್ಧಚಂದ್ರಾಕಾರವಾಗಿ ನೂರಾರು ಸಣ್ಣ ಗೀರುಗಳು.

ಆಫೀಸಿನಲ್ಲಿ ಕೂತಾಗ ಆ ಮಾತೇ ಮತ್ತೆ ಮತ್ತೆ ಕಿವಿಗೆ ಬಿತ್ತು. ಚಿಕ್ಕಂದಿನಲ್ಲಿ ಅಡಿಗೆಮನೆಯ ಬಾಗಿಲಲ್ಲಿ ನಾನು ದಿನವೂ ಕೇಳಿದ ಮಾತು ಅದು: "ಮುಟ್ಟಬೇಡವೋ, ಮಡಿಯಲ್ಲಿದ್ದೇನೆ." ಕಾಲೇಜಿಗೆ ಹೋಗುವ ವಯಸ್ಸಿನಲ್ಲಿ ಆ ಮಡಿಯ ಮೇಲೆ ನಾನು ಅಮ್ಮನೊಡನೆ ಜಗಳವಾಡಿದ್ದುಂಟು, ಅದರ ಹೆಸರಿನಲ್ಲಿ ಮನುಷ್ಯರನ್ನು ದೂರವಿಟ್ಟದ್ದಕ್ಕೆ ಆಡಬಾರದ ಮಾತುಗಳನ್ನೂ ಆಡಿದ್ದೆ. ನನ್ನ ಮಾತಿಗೋ, ಕಾಲಕ್ಕೋ, ಅವಳು ಎಷ್ಟೋ ವರ್ಷದ ಹಿಂದೆಯೇ ಅದನ್ನೆಲ್ಲ ಬಿಟ್ಟಿದ್ದಳು. ಈಗ ನಾನು ಒಂದು ಕಾರಿಗಾಗಿ ಅದನ್ನು ಮತ್ತೆ ಮನೆಗೆ ತಂದು, ಅವಳನ್ನೇ ದೂರ ನಿಲ್ಲಿಸಿದ್ದೆ.

ಆಮೇಲೆ ಅಮ್ಮ ಕಾರಿನಲ್ಲಿ ಕೂತರೆ ಕೈಗಳನ್ನು ಮಡಿಲಿನಲ್ಲಿಯೇ ಇಟ್ಟುಕೊಳ್ಳುತ್ತಿದ್ದಳು. ಬಾಗಿಲನ್ನು ನಾನು ತೆರೆಯುವವರೆಗೆ ಕಾಯುತ್ತಿದ್ದಳು. ಮಾತಿನಲ್ಲಿ ಕೋಪವಿರಲಿಲ್ಲ, ಇದ್ದಿದ್ದರೆ ವಾಸಿಯಾಗಿತ್ತು. ಸಮಾಧಾನಮಾಡಲು ಒಂದು ದಿನ ಮೈಕ್ರೋಫೈಬರ್ ಬಟ್ಟೆಯನ್ನು ಕೈಗೆ ಕೊಟ್ಟು, "ಒಳಗಡೆ ಸ್ವಲ್ಪ ಒರೆಸಮ್ಮ" ಎಂದೆ. ಹಿಡಿದವಳೇ ಹಿಂದಕ್ಕೆ ಕೊಟ್ಟಳು. "ಥೂ, ಇದು ಕೈಗೆ ಕಚ್ಚಿಕೊಳ್ಳುತ್ತೆ ಕಣೋ" ಎಂದಳು. ನಿಜವೇ, ಆ ಸಣ್ಣ ಎಳೆಗಳು ಒಡೆದ ಬೆರಳುಗಳಿಗೆ ಸಿಕ್ಕಿಕೊಳ್ಳುತ್ತವೆ. ನನ್ನ ಬೆರಳಿಗೆ ಹಾಗೆ ಆಗಿರಲಿಲ್ಲ.

ಕೊನೆಗೆ ದಾರಿಯಾದದ್ದು ನನ್ನ ಉಪಾಯದಿಂದಲ್ಲ. ಒಂದು ಭಾನುವಾರ ತೊಳೆಯುತ್ತಿದ್ದಾಗ ಕೈಯಲ್ಲಿದ್ದ ಬಟ್ಟೆ ನೆಲಕ್ಕೆ ಬಿತ್ತು. ಕೊಡವಿ ಮತ್ತೆ ಒರೆಸಲು ಹೋದೆ, ಪಕ್ಕದ ಹುಡುಗ ಕಾಂಪೌಂಡಿನ ಆಚೆಯಿಂದ, "ಅಂಕಲ್, ಬೇಡ! ಕೆಳಗೆ ಬಿದ್ದದ್ದನ್ನು ಕಾರಿಗೆ ಮುಟ್ಟಿಸಬಾರದು. ಚಕ್ರದ ಬಟ್ಟೆಯೂ ಬೇರೆ, ಮೈಯ ಬಟ್ಟೆಯೂ ಬೇರೆ" ಎಂದು ಕೂಗಿದ. ಜಗುಲಿಯ ಮೇಲೆ ಕೂತಿದ್ದ ಅಮ್ಮ ಆ ಮಾತನ್ನು ಕೇಳಿದಳು.

"ಅಂದರೆ ಮಡಿ ಅನ್ನು" ಎಂದಳು. "ಅಷ್ಟು ಹೇಳೋಕೆ ಮೈಕ್ರಾನು ಯಾಕೋ ಬೇಕಿತ್ತು?"

ಅಂದಿನಿಂದ ಬಟ್ಟೆಗಳ ಅಧಿಕಾರ ಅವಳದಾಯಿತು. ಮೈಯದು ನೀಲಿ, ಒಳಗಿನದು ಹಸಿರು, ಚಕ್ರದ್ದು ಕೆಂಪು, ಮೂರಕ್ಕೂ ಮೂರು ಚೀಲ. ಹತ್ತಿಯ ಬಟ್ಟೆಯ ಜೊತೆಗೆ ಒಗೆಯಕೂಡದು, ಹಾಗೆ ಒಗೆದರೆ ಹತ್ತಿಯ ಜುಂಗು ಅದಕ್ಕೆ ಹತ್ತಿಕೊಳ್ಳುತ್ತದೆ, ಬಟ್ಟೆ ಮೃದುವಾಗಲು ಹಾಕುವ ದ್ರವವನ್ನು ಸೋಕಿಸಕೂಡದು, ನೆರಳಿನಲ್ಲಿ ಒಣಗಿಸಬೇಕು. ನನ್ನಾಕೆಗೆ ಮೂರು ಸಲ ಹೇಳಿದರೂ ನೆನಪಾಗದ ಈ ನಿಯಮಗಳು ಅಮ್ಮನಿಗೆ ಒಂದೇ ಸಲಕ್ಕೆ ಬಂದುವು. ಆದರೂ ಕಾರನ್ನು ಮಾತ್ರ ಅವಳು ಮುಟ್ಟಲಿಲ್ಲ.

ಕಣ್ಣಿನ ಶಸ್ತ್ರಚಿಕಿತ್ಸೆಗೆ ದಿನ ಗೊತ್ತಾಯಿತು. ಆಗ ನನಗೆ ಇನ್ನೊಂದು ಯೋಚನೆ. ಪೊರೆ ತೆಗೆದ ಮೇಲೆ ಅವಳಿಗೆ ಆ ಗೀರುಗಳು ಕಂಡೇ ಕಾಣುತ್ತವೆ. ಪಾಲಿಷಿನ ಹಿಟ್ಟನ್ನು ಹಚ್ಚಿ ಉಜ್ಜಿದರೆ ವಾರ್ನಿಷು ಒಂದೆರಡು ಮೈಕ್ರಾನು ಸವೆದು ಗೀರು ಮಾಯವಾಗುತ್ತದೆಂದು ಪಕ್ಕದ ಹುಡುಗ ಹೇಳಿದ್ದ, ಡಬ್ಬಿಯನ್ನೂ ತಂದಿಟ್ಟಿದ್ದೆ. ಎರಡು ಭಾನುವಾರ ಡಬ್ಬಿಯನ್ನು ತೆರೆದು, ಹಾಗೆಯೇ ಮುಚ್ಚಿದೆ. ಏಕೆಂದು ಕೇಳಿದರೆ ಸರಿಯಾದ ಉತ್ತರವಿಲ್ಲ. ಸೋಮಾರಿತನವೆಂದಳು ನನ್ನಾಕೆ, ಅದೂ ಇರಬಹುದು.

ಶಸ್ತ್ರಚಿಕಿತ್ಸೆಯ ಮರುದಿನ ಪಟ್ಟಿ ಬಿಚ್ಚಿ, ಕಪ್ಪು ಕನ್ನಡಕ ಹಾಕಿ, ಧೂಳಿಗೆ ಹೋಗಬೇಡಿ, ಕಣ್ಣನ್ನು ಉಜ್ಜಬೇಡಿ ಎಂದು ಡಾಕ್ಟರು ಹೇಳಿದರು. "ನಿನ್ನ ಕಾರಿಗೆ ಹೇಳಿದ ಹಾಗೇ ಹೇಳಿದರಲ್ಲೋ" ಎಂದು ಅಮ್ಮ ನಕ್ಕಳು. ಹೊರಗೆ ಬಂದು ಕಾರಿನ ಹತ್ತಿರ ನಿಂತಾಗ ಬಿಸಿಲು ನೇರವಾಗಿ ಎಡಬಾಗಿಲಿನ ಮೇಲೆ ಬಿದ್ದಿತ್ತು. ಅಮ್ಮ ಕನ್ನಡಕವನ್ನು ಸ್ವಲ್ಪ ಎತ್ತಿ, ಬಗ್ಗಿ ನೋಡಿದಳು.

"ಇದು ನಾನು ಒರೆಸಿದ್ದೇನೋ?"

"ಹೂಂ."

"ಆವತ್ತು ನನಗೆ ಕಾಣಲಿಲ್ಲ ಕಣೋ."

"ಗೊತ್ತಮ್ಮ."

"ಗೊತ್ತಿದ್ದೂ ಕೂಗಾಡಿದೆ."

ನಾನು ಬಾಗಿಲು ತೆರೆಯಲು ಕೈ ಚಾಚಿದೆ. ಅಷ್ಟರಲ್ಲಿ ಅವಳೇ ಹಿಡಿಯನ್ನು ಹಿಡಿದು ತೆರೆದಳು. ಹತ್ತಿ ಕೂತವಳು ಮುಂದಿನ ಗಾಜಿನಿಂದ ಆಚೆ ನೋಡಿ, "ಬಾನೆಟ್ಟಿನ ಮೇಲೆ ಕಾಗೆ ಗಲೀಜು ಮಾಡಿದೆ, ನೋಡಲಿಲ್ವೇನೋ?" ಎಂದಳು. ನಾನು ನೋಡಿರಲಿಲ್ಲ. ಹಕ್ಕಿಯ ಹಿಕ್ಕೆಯಲ್ಲಿ ಹುಳಿಯುಂಟು, ಬಿಸಿಲಿನಲ್ಲಿ ಬಿಟ್ಟರೆ ವಾರ್ನಿಷನ್ನು ತಿನ್ನುತ್ತದೆ. ಡಿಕ್ಕಿಯಿಂದ ನೀಲಿ ಬಟ್ಟೆಯನ್ನು ತಂದು ಒರೆಸಲು ಹೋದೆ.

"ತಿಕ್ಕಬೇಡ" ಎಂದಳು ಅಮ್ಮ ಒಳಗಿನಿಂದ. "ಬಟ್ಟೆ ಒದ್ದೆ ಮಾಡಿ ಅದರ ಮೇಲೆ ಹಾಕು. ನೆನೀಲಿ. ನನಗೇನೂ ಅವಸರ ಇಲ್ಲ."

ಆಸ್ಪತ್ರೆಯ ಕಾವಲಿನವನು ಗಾಡಿ ತೆಗೆಯಿರೆಂದು ಸೀಟಿ ಊದುತ್ತಿದ್ದ. ನಾವು ಐದು ನಿಮಿಷ ಕಾದೆವು.